ಬೆರಳಿಗೆ ಮರಳುವ ಜೀವ



ಹೋದ ವರ್ಷ ಜೋಳದ ಸುಗ್ಗಿಯಲ್ಲಿ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಹೊಲದಲ್ಲಿ ಕೈ ಕೊಯ್ದುಕೊಂಡ. ಎಡಗೈಯಲ್ಲಿ ಜೋಳದ ದಂಟುಗಳನ್ನು ಹಿಡಿದು ಬಲಗೈಯಿಂದ ಕುಡುಗೋಲು ಎಳೆಯುವಾಗ ಅದು ಜಾರಿ ಎಡ ಮಣಿಕಟ್ಟಿನ ಒಳಮಗ್ಗುಲಿಗೆ ಆಳವಾಗಿ ನಾಟಿತು. ನಾಲತವಾಡದಲ್ಲಿ ಪಟ್ಟಿ ಕಟ್ಟಿಸಿಕೊಂಡು, ದೊಡ್ಡ ಊರಿಗೆ ಹೋಗಿ, ಅಲ್ಲಿ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು ಬಂದನಂತೆ. ತುಂಡಾಗಿದ್ದ ಸ್ನಾಯುರಜ್ಜುಗಳ ಜೊತೆಗೆ, ಮಣಿಕಟ್ಟಿನ ನಡುವೆ ಹಾಯ್ದು ಅಂಗೈಗೆ ಇಳಿಯುವ ಮೀಡಿಯನ್ ಎಂಬ ನರವನ್ನೂ ವೈದ್ಯರು ಹೊಲಿದಿದ್ದರು. ಬಸವ ಜಯಂತಿಯ ದಿನ ನನಗೆ ಶುಭಾಶಯ ಹೇಳಲೆಂದು ದೂರವಾಣಿ ಮಾಡಿದವನು, ಮಾತಿನ ಕೊನೆಯಲ್ಲಿ ದನಿ ತಗ್ಗಿಸಿ ಕೇಳಿದ:

"ಸರ, ಗಾಯ ಮಾಯೇತ್ರಿ. ಆದ್ರ ಹೆಬ್ಬೆರಳು, ಅದರ ಬಾಜೂಕಿನ ಎರಡು ಬೆರಳು ಕಟಗಿ ಆಗ್ಯಾವು. ಮುಟ್ಟಿದ್ರ ಗೊತ್ತಾಗಂಗಿಲ್ಲ. ಬೆರಳಿಗೆ ಮತ್ತ ಜೀವ ಬರತೈತೇನ್ರಿ?"

ನಾನು ವಿಜ್ಞಾನ ಕಲಿಸಿದವನೇ ಹೊರತು ವೈದ್ಯನಲ್ಲ. "ನಿನ್ನ ವೈದ್ಯರನ್ನು ಕೇಳಪ್ಪ" ಎಂದು ಹೇಳಿ ಕೈತೊಳೆದುಕೊಳ್ಳಬಹುದಿತ್ತು. ಆದರೆ ಇದೇ ಪ್ರಶ್ನೆಯನ್ನು, ಹೆಚ್ಚುಕಡಿಮೆ ಇದೇ ಮಾತುಗಳಲ್ಲಿ, ನಲವತ್ತು ವರ್ಷಗಳಿಗೂ ಹಿಂದೆ ಇನ್ನೊಬ್ಬ ಹುಡುಗ ನನ್ನನ್ನು ಕೇಳಿದ್ದ. ಆಗ ನಾನು ಏನೂ ತಿಳಿಯದೆ "ಬರುತ್ತದೆ" ಎಂದುಬಿಟ್ಟಿದ್ದೆ. ಆ ಉತ್ತರದ ಋಣ ನನ್ನ ಮೇಲೆ ಉಳಿದಿದೆ. ಆದ್ದರಿಂದ ಈ ಸಲ ಪುಸ್ತಕಗಳನ್ನು ತೆರೆದು, ಪರಿಚಯದ ವೈದ್ಯರನ್ನು ಕೇಳಿ, ಈ ಪ್ರಶ್ನೆಗೆ ಮನುಷ್ಯರು ಕಾಲಾನುಕಾಲಕ್ಕೆ ಕಂಡುಕೊಂಡ ಉತ್ತರಗಳ ಕಥೆಯನ್ನು ತಿಳಿದುಕೊಳ್ಳಲು ಯತ್ನಿಸಿದೆ. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲಿಗೆ 'ನರ' ಎಂಬ ಶಬ್ದದ ವಿಚಾರ. ನಮ್ಮ ಆಡುಮಾತಿನಲ್ಲಿ ಕೈಯ ಮೇಲೆ ಉಬ್ಬಿ ಕಾಣುವ ರಕ್ತನಾಳವೂ ನರ, ಹಿಮ್ಮಡಿಯ ಮೇಲಿನ ಗಟ್ಟಿ ರಜ್ಜುವೂ ನರ, ಮುಟ್ಟಿದ್ದನ್ನು ಮಿದುಳಿಗೆ ತಿಳಿಸುವ ತಂತುವೂ ನರ. ಇದು ನಮ್ಮೊಬ್ಬರ ಗೊಂದಲವಲ್ಲ. ಪ್ರಾಚೀನ ಗ್ರೀಕರ 'ನ್ಯೂರಾನ್' ಎಂಬ ಶಬ್ದಕ್ಕೂ ಮೊದಲಿಗೆ ರಜ್ಜು, ಹುರಿ ಎಂಬ ಅರ್ಥವೇ ಇತ್ತು. ಎರಡನ್ನೂ ಬೇರ್ಪಡಿಸಿ ನೋಡಲು ಬಹಳ ಕಾಲ ಹಿಡಿಯಿತು. ಆದರೆ ಸ್ಪರ್ಶ ಹೋಗುವುದೊಂದು ರೋಗಲಕ್ಷಣವೆಂಬುದು ನಮ್ಮ ಹಿರಿಯರಿಗೆ ತಿಳಿದಿತ್ತು. ಸುಶ್ರುತ ಸಂಹಿತೆಯು ಕುಷ್ಠದ ಲಕ್ಷಣಗಳನ್ನು ಹೇಳುವಲ್ಲಿ 'ಸ್ಪರ್ಶಹಾನಿ'ಯನ್ನು ಹೆಸರಿಸುತ್ತದೆ.

ಎರಡನೆಯ ಶತಮಾನದಲ್ಲಿ ರೋಮ್ ನಗರದಲ್ಲಿದ್ದ ವೈದ್ಯ ಗ್ಯಾಲೆನ್ ಒಂದು ಪ್ರಕರಣವನ್ನು ದಾಖಲಿಸಿದ್ದಾನೆ. ಪೌಸೇನಿಯಸ್ ಎಂಬ ವಿದ್ವಾಂಸನಿಗೆ ಕಿರುಬೆರಳು, ಉಂಗುರಬೆರಳು ಮತ್ತು ನಡುಬೆರಳಿನ ಅರ್ಧಭಾಗ ಮರಗಟ್ಟಿದ್ದವು. ಇತರ ವೈದ್ಯರು ಬೆರಳುಗಳಿಗೇ ಲೇಪ ಹಚ್ಚುತ್ತ ಕುಳಿತಿದ್ದರು. ಗ್ಯಾಲೆನ್ ವಿಚಾರಿಸಿದಾಗ ಆತ ರಥದಿಂದ ಬಿದ್ದು ಬೆನ್ನಿನ ಮೇಲ್ಭಾಗಕ್ಕೆ ಪೆಟ್ಟು ಮಾಡಿಕೊಂಡಿದ್ದನೆಂಬುದು ಹೊರಬಂತು. ಗ್ಯಾಲೆನ್ ಬೆರಳನ್ನು ಬಿಟ್ಟು, ಕುತ್ತಿಗೆಯ ಬುಡದಲ್ಲಿ ನರ ಹೊರಡುವ ಜಾಗಕ್ಕೆ ಚಿಕಿತ್ಸೆ ಮಾಡಿ ಗುಣಪಡಿಸಿದ. ಬೆರಳು ಸುಮ್ಮನಿದ್ದರೆ ದೋಷ ಬೆರಳಿನಲ್ಲೇ ಇರಬೇಕೆಂದಿಲ್ಲ ಎಂಬ ಈ ಪಾಠ ಸಾವಿರದೆಂಟುನೂರು ವರ್ಷಗಳಷ್ಟು ಹಳೆಯದು.

ಆದರೆ ಪೆಟ್ಟು ತಿಂದ ನರ ಬೇರೆ, ಕತ್ತರಿಸಿಹೋದ ನರ ಬೇರೆ. ಕತ್ತರಿಸಿದ ನರ ಮತ್ತೆ ಕೆಲಸ ಮಾಡುವುದಿಲ್ಲವೆಂದೂ, ನರಕ್ಕೆ ಸೂಜಿ ತಾಗಿಸಿದರೆ ಸೆಳವು ಬಂದೀತೆಂದೂ ವೈದ್ಯರು ಶತಮಾನಗಳ ಕಾಲ ಹೆದರಿದ್ದರು. ಈ ನಂಬಿಕೆಯನ್ನು ಅಲುಗಿಸಿದವರು ಹದಿನೆಂಟನೆಯ ಶತಮಾನದ ಇಂಗ್ಲೆಂಡಿನ ವೈದ್ಯರು. 1776ರಲ್ಲಿ ವಿಲಿಯಂ ಕ್ರುಕ್‌ಶಾಂಕ್ ನಾಯಿಗಳ ಕುತ್ತಿಗೆಯಲ್ಲಿನ ನರವನ್ನು ಕತ್ತರಿಸಿ, ಅದು ಮತ್ತೆ ಕೂಡಿಕೊಳ್ಳುವುದನ್ನು ಕಂಡ. ಕೂಡಿಕೊಂಡದ್ದು ನಿಜವಾದ ನರವೋ ಬರಿಯ ಗಾಯದ ತೊಗಲೋ ಎಂಬ ಸಂಶಯ ಉಳಿಯಿತು. 1795ರಲ್ಲಿ ಜಾನ್ ಹೈಟನ್ ಅದನ್ನು ಹೀಗೆ ಪರಿಹರಿಸಿದ. ಕುತ್ತಿಗೆಯ ಎರಡೂ ಬದಿಯ ಆ ನರಗಳನ್ನು ಒಮ್ಮೆಲೇ ಕತ್ತರಿಸಿದರೆ ನಾಯಿ ಬದುಕುತ್ತಿರಲಿಲ್ಲ. ಒಂದನ್ನು ಕತ್ತರಿಸಿ ಕೆಲವು ವಾರ ಬಿಟ್ಟು ಇನ್ನೊಂದನ್ನು ಕತ್ತರಿಸಿದಾಗ ಬದುಕಿತು. ಬಹಳ ತಿಂಗಳ ನಂತರ ಎರಡನ್ನೂ ಒಟ್ಟಿಗೆ ಕತ್ತರಿಸಿದಾಗ ಸತ್ತಿತು. ಅಂದರೆ ನಡುವಿನ ಅವಧಿಯಲ್ಲಿ ಅದನ್ನು ಬದುಕಿಸಿದ್ದು ಮರಳಿ ಕೂಡಿದ ನರಗಳೇ. ತರ್ಕ ನಿಷ್ಕೃಷ್ಟವಾದದ್ದು, ಕ್ರಮ ಕ್ರೂರವಾದದ್ದು. ನಮಗೆ ಇಂದು ದೊರೆಯುವ ಚಿಕಿತ್ಸೆಯ ಹಿಂದೆ ಆ ಮೂಕಪ್ರಾಣಿಗಳ ಋಣವಿದೆಯೆಂಬುದನ್ನು ಮರೆಯಬಾರದು.

ಕತ್ತರಿಸಿದ ನರದ ಒಳಗೆ ಏನಾಗುತ್ತದೆಂಬುದನ್ನು 1850ರಲ್ಲಿ ಆಗಸ್ಟಸ್ ವಾಲರ್ ತೋರಿಸಿದ. ಅವನು ನೋಡಿದ್ದು ಕಪ್ಪೆಯ ನಾಲಿಗೆಗೆ ಹೋಗುವ ನರಗಳನ್ನು. ಕತ್ತರಿಸಿದ ಜಾಗದಿಂದ ಆಚೆಗಿನ ಭಾಗ, ಅಂದರೆ ಬುಡದಿಂದ ಬೇರ್ಪಟ್ಟ ತುದಿಯ ಭಾಗ, ಕೆಲವೇ ದಿನಗಳಲ್ಲಿ ತುಂಡುತುಂಡಾಗಿ ಕರಗುತ್ತದೆ. ಬುಡದ ಭಾಗ ಜೀವದಿಂದ ಉಳಿಯುತ್ತದೆ.

ಇದನ್ನು ನಮ್ಮ ಸೀಮೆಯವರಿಗೆ ತಿಳಿಸಲು ಕಾಲುವೆಯ ಉದಾಹರಣೆ ಸಾಕು. ನಾರಾಯಣಪುರದ ಕಾಲುವೆ ನಡುವೆ ಎಲ್ಲೋ ಒಡೆಯಿತೆನ್ನಿ. ಒಡೆದ ಜಾಗದಿಂದ ಮುಂದೆ ನೀರು ಬತ್ತುತ್ತದೆ. ಆದರೆ ಕಾಲುವೆಯ ಪಾತ್ರ ಹಾಗೆಯೇ ಇರುತ್ತದೆ. ಒಡಕನ್ನು ಸರಿಯಾಗಿ ಕಟ್ಟಿದರೆ ನೀರು ಮತ್ತೆ ಆ ಪಾತ್ರದಲ್ಲೇ ನಿಧಾನವಾಗಿ ಮುಂದೆ ಸಾಗುತ್ತದೆ, ಕೊನೆಯ ಹೊಲಕ್ಕೆ ಎಲ್ಲಕ್ಕಿಂತ ತಡವಾಗಿ ತಲುಪುತ್ತದೆ. ದುರಸ್ತಿ ಮಾಡದೆ ವರ್ಷಗಟ್ಟಲೆ ಬಿಟ್ಟರೆ ಹೂಳು ತುಂಬಿ, ಜಾಲಿ ಬೆಳೆದು, ಪಾತ್ರವೇ ಮುಚ್ಚಿಹೋಗುತ್ತದೆ. ನರವೂ ಹೀಗೆಯೇ. ಒಳಗಿನ ತಂತು ಕರಗಿದರೂ ಅದನ್ನು ಸುತ್ತಿದ್ದ ಸೂಕ್ಷ್ಮ ಕೊಳವೆ ಉಳಿಯುತ್ತದೆ. ಬುಡದಿಂದ ಹೊಸ ತಂತು ಮೊಳೆತು ಆ ಕೊಳವೆಯಲ್ಲಿ ಹರಿದು ಬರುತ್ತದೆ. ಶಸ್ತ್ರವೈದ್ಯನು ಹೊಲಿಯುವುದು ಹೊರಗಿನ ಹೊದಿಕೆಯನ್ನು ಮಾತ್ರ. ಅದರಿಂದ ಎರಡೂ ಕಡೆಯ ಪಾತ್ರಗಳು ಎದುರುಬದುರಾಗುತ್ತವೆ. ಬೆಳೆಯುವ ಕೆಲಸ ನರದ್ದೇ.

ಮುಂದಿನ ಅಧ್ಯಾಯವನ್ನು ಬರೆಸಿದ್ದು ಯುದ್ಧಗಳು. ಅಮೆರಿಕದ ಅಂತರ್ಯುದ್ಧದಲ್ಲಿ ಗುಂಡೇಟು ತಿಂದ ಸೈನಿಕರನ್ನು ಫಿಲಡೆಲ್ಫಿಯಾದ ಆಸ್ಪತ್ರೆಯಲ್ಲಿ ನೋಡಿಕೊಂಡ ಸೈಲಾಸ್ ವಿಯರ್ ಮಿಚೆಲ್ ಮತ್ತು ಅವನ ಇಬ್ಬರು ಸಂಗಡಿಗರು 1864ರಲ್ಲಿ ನರದ ಗಾಯಗಳ ಕುರಿತೇ ಒಂದು ಪುಸ್ತಕ ಪ್ರಕಟಿಸಿದರು. ನರಕ್ಕೆ ಗಾಯವಾದ ಕೆಲವರಿಗೆ ಸ್ಪರ್ಶ ಹೋಗುವುದಿಲ್ಲ, ಬದಲಿಗೆ ಬೆಂಕಿಯಲ್ಲಿಟ್ಟಂಥ ಉರಿ ಹತ್ತುತ್ತದೆ, ಗಾಳಿ ಸೋಂಕಿದರೂ ತಡೆಯಲಾಗದು ಎಂಬುದನ್ನು ಅವರು ವಿವರವಾಗಿ ಬರೆದರು. ಸ್ಪರ್ಶವೆಂಬುದು ದೀಪದ ಗುಂಡಿಯಂತೆ ಇದೆ ಅಥವಾ ಇಲ್ಲ ಎನ್ನುವ ವಿಷಯವಲ್ಲವೆಂದು ಇದರಿಂದ ಸ್ಪಷ್ಟವಾಯಿತು.

ಇನ್ನು ಈ ಚರಿತ್ರೆಯಲ್ಲಿ ನನಗೆ ಅತ್ಯಂತ ಮೆಚ್ಚಿಗೆಯಾದ ಪ್ರಸಂಗಕ್ಕೆ ಬರುತ್ತೇನೆ. ಲಂಡನ್ನಿನ ವೈದ್ಯ ಹೆನ್ರಿ ಹೆಡ್ ಎಂಬುವರಿಗೆ ಒಂದು ತೊಡಕು ಎದುರಾಗಿತ್ತು. ನರ ಕತ್ತರಿಸಿಹೋದ ರೋಗಿಗಳನ್ನು "ಈಗ ಹೇಗೆನಿಸುತ್ತದೆ?" ಎಂದು ಕೇಳಿದರೆ, ಆಸ್ಪತ್ರೆಗೆ ಬರುವ ದುಡಿಮೆಗಾರರು ಗಂಟೆಗಟ್ಟಲೆ ಕುಳಿತು ಸೂಕ್ಷ್ಮವಾಗಿ ಉತ್ತರಿಸಲಾರರು. ಆದ್ದರಿಂದ ಹೆಡ್ ತಮ್ಮ ಕೈಯನ್ನೇ ಒಡ್ಡಿದರು. 1903ರ ಏಪ್ರಿಲ್ 25ರಂದು ಅವರ ಎಡಗೈಯ ಮೊಣಕೈ ಬಳಿ ಚರ್ಮಕ್ಕೆ ಹೋಗುವ ಎರಡು ನರಗಳನ್ನು ಶಸ್ತ್ರವೈದ್ಯರು ಕತ್ತರಿಸಿ, ರೇಷ್ಮೆಯ ದಾರದಿಂದ ಮತ್ತೆ ಹೊಲಿದರು. ಮುಂದಿನ ನಾಲ್ಕು ವರ್ಷ ಬಿಡುವು ಸಿಕ್ಕಾಗಲೆಲ್ಲ ಅವರು ಕೇಂಬ್ರಿಜ್‌ಗೆ ಪ್ರಯಾಣ ಮಾಡಿ, ಸ್ನೇಹಿತರಾದ ಡಬ್ಲ್ಯೂ.ಎಚ್.ಆರ್. ರಿವರ್ಸ್ ಅವರ ಕೋಣೆಯಲ್ಲಿ ಕಣ್ಣು ಮುಚ್ಚಿ ಕುಳಿತುಕೊಳ್ಳುತ್ತಿದ್ದರು. ರಿವರ್ಸ್ ಸೂಜಿಯಿಂದ, ಹತ್ತಿಯಿಂದ, ಬಿಸಿ ತಣ್ಣನೆಯ ಕೊಳವೆಗಳಿಂದ ಕೈಯ ಪ್ರತಿ ಅಂಗುಲವನ್ನು ಮುಟ್ಟಿ ಗುರುತು ಹಾಕಿಕೊಳ್ಳುತ್ತಿದ್ದರು.

ಈ ರಿವರ್ಸ್ ನಮಗೆ ತೀರ ಅಪರಿಚಿತರಲ್ಲ. ನಮ್ಮ ಗುಂಡ್ಲುಪೇಟೆಯಾಚೆಗಿನ ನೀಲಗಿರಿ ಬೆಟ್ಟಗಳಲ್ಲಿ 1901-02ರಲ್ಲಿ ತಿಂಗಳುಗಟ್ಟಲೆ ಇದ್ದು ತೋಡ ಜನರನ್ನು ಅಧ್ಯಯನ ಮಾಡಿ, 1906ರಲ್ಲಿ ಅವರ ಕುರಿತ ದೊಡ್ಡ ಗ್ರಂಥವನ್ನು ಪ್ರಕಟಿಸಿದವರು ಇವರೇ. ನೀಲಗಿರಿಯಿಂದ ಮರಳಿದ ಮರುವರ್ಷವೇ ಸ್ನೇಹಿತನ ಕೈಯನ್ನು ಓದಲು ಕುಳಿತರು.

ಅವರು ಕಂಡದ್ದೇನು? ನರ ಕತ್ತರಿಸಿದ ಕೂಡಲೇ ಚರ್ಮದ ಮೇಲಿನ ಹತ್ತಿಯ ಸ್ಪರ್ಶ, ಸೂಜಿಯ ಚುಚ್ಚು, ಬಿಸಿ, ತಂಪು ಎಲ್ಲವೂ ಇಲ್ಲವಾದವು. ಆದರೆ ಒತ್ತಿದರೆ ಆಳದಲ್ಲಿ ತಿಳಿಯುತ್ತಿತ್ತು. ಕೆಲವು ವಾರಗಳ ನಂತರ ಮೊದಲು ಮರಳಿದ್ದು ನೋವು. ಅದೂ ಒರಟಾದ, ಚದುರಿದ ನೋವು. ಒಂದು ಕಡೆ ಚುಚ್ಚಿದರೆ ಇನ್ನೊಂದು ಕಡೆ ತಿಳಿಯುವುದು, ಅತಿ ಬಿಸಿ ಮತ್ತು ಅತಿ ತಂಪು ಮಾತ್ರ ಅಸಹನೀಯವಾಗಿ ತಾಗುವುದು. ಹಗುರವಾದ ಸ್ಪರ್ಶ, ಮುಟ್ಟಿದ ಜಾಗದ ನಿಖರ ಅರಿವು, ಬೆಚ್ಚಗಿನ ಮತ್ತು ತಣ್ಣಗಿನ ನಡುವಣ ಸಣ್ಣ ಭೇದ ಇವೆಲ್ಲ ಬಹಳ ತಡವಾಗಿ, ಅಪೂರ್ಣವಾಗಿ ಬಂದವು. 1908ರಲ್ಲಿ ಇಬ್ಬರೂ ಈ ಫಲಿತಾಂಶಗಳನ್ನು ಪ್ರಕಟಿಸಿದರು. ಒರಟು ಮತ್ತು ನಯ ಎಂಬ ಎರಡು ಬಗೆಯ ನರವ್ಯವಸ್ಥೆಗಳಿವೆಯೆಂದು ಅವರು ವಾದಿಸಿದರು. ಅದರ ಮರುವರ್ಷವೇ ಟ್ರಾಟರ್ ಮತ್ತು ಡೇವಿಸ್ ಎಂಬ ಇನ್ನಿಬ್ಬರು ತಮ್ಮ ನರಗಳನ್ನೇ ಕತ್ತರಿಸಿಕೊಂಡು ಪರೀಕ್ಷಿಸಿ, ಹಾಗೆ ಎರಡು ವ್ಯವಸ್ಥೆಗಳಿಲ್ಲ ಎಂದರು. ಸಿದ್ಧಾಂತ ನಿಲ್ಲಲಿಲ್ಲ. ಆದರೆ ಮೊದಲು ನೋವು ಬರುತ್ತದೆ, ಆಮೇಲೆ ಸ್ಪರ್ಶ, ಕೊನೆಗೆ ವಿವೇಚನೆ ಎಂಬ ಅನುಕ್ರಮವನ್ನು ಇಂದಿಗೂ ವೈದ್ಯರು ರೋಗಿಗಳಲ್ಲಿ ಕಾಣುತ್ತಾರೆ. ಮರಳಿ ಬಂದದ್ದು ನೋವಾದರೆ ದುಃಖಿಸಬಾರದು, ಅದು ಮುಂಗಾಮಿ ದೂತ ಎಂಬ ಮಾತನ್ನು ನನ್ನ ವಿದ್ಯಾರ್ಥಿಗೆ ಹೇಳಲು ಇದರಿಂದ ಧೈರ್ಯ ಬಂತು.

ಹೊಲಿದ ನರ ಬೆಳೆಯುತ್ತಿದೆಯೇ ಎಂದು ತಿಳಿಯುವುದು ಹೇಗೆ? ಇದಕ್ಕೆ ಉತ್ತರ ಮೊದಲ ಮಹಾಯುದ್ಧದ ಕಾಲದ್ದು. 1915ರಲ್ಲಿ ಫ್ರಾನ್ಸಿನ ಜೂಲ್ಸ್ ಟಿನೆಲ್ ಮತ್ತು ಜರ್ಮನಿಯ ಪಾಲ್ ಹಾಫ್‌ಮನ್, ಪರಸ್ಪರ ಹೋರಾಡುತ್ತಿದ್ದ ಎರಡು ಸೈನ್ಯಗಳ ಗಾಯಾಳುಗಳನ್ನು ನೋಡುತ್ತಿದ್ದವರು, ಒಂದೇ ವರ್ಷದಲ್ಲಿ ಒಂದೇ ಸಂಗತಿಯನ್ನು ಬರೆದರು. ನರದ ದಾರಿಯ ಮೇಲೆ ಬೆರಳಿನಿಂದ ಮೆಲ್ಲಗೆ ತಟ್ಟಿದರೆ, ಹೊಸ ತಂತುವಿನ ಮೊಳಕೆ ಎಲ್ಲಿಯವರೆಗೆ ತಲುಪಿದೆಯೋ ಆ ಜಾಗದಲ್ಲಿ ಜುಮ್ಮೆನ್ನುತ್ತದೆ. ಜೋಮು ಹಿಡಿದಾಗ "ಇರುವೆ ಹರಿದಂತಾಗುತ್ತದೆ" ಎನ್ನುತ್ತೇವಲ್ಲ, ಟಿನೆಲ್ ಬಳಸಿದ ಫ್ರೆಂಚ್ ಶಬ್ದವೂ ಇರುವೆ ಎಂಬ ಶಬ್ದದಿಂದಲೇ ಹುಟ್ಟಿದ್ದು. ವಾರದಿಂದ ವಾರಕ್ಕೆ ಈ ಇರುವೆ ಮುಂದೆ ಹರಿಯುತ್ತಿದ್ದರೆ ನರ ಬೆಳೆಯುತ್ತಿದೆ. ನಿಂತಲ್ಲೇ ನಿಂತರೆ ಎಲ್ಲೋ ಅಡ್ಡಿಯಿದೆ.

ಈ ಇರುವೆಯ ವೇಗವೆಷ್ಟು? ಮನುಷ್ಯರಲ್ಲಿ ದಿನಕ್ಕೆ ಸುಮಾರು ಒಂದು ಮಿಲಿಮೀಟರ್. ನನ್ನ ತರಗತಿಯಲ್ಲಿ ಕುಳಿತವರಿಗೆ ಲೆಕ್ಕ ಕಷ್ಟವಲ್ಲ. ಮಣಿಕಟ್ಟಿನಿಂದ ನಡುಬೆರಳಿನ ತುದಿಗೆ ಸುಮಾರು 18 ಸೆಂಟಿಮೀಟರ್, ಅಂದರೆ 180 ಮಿಲಿಮೀಟರ್, 180 ದಿನಗಳು. ಹೊಲಿದ ಜಾಗವನ್ನು ದಾಟಲು ಮೊದಲಿಗೆ ಕೆಲವು ವಾರಗಳು ಬೇಕು. ಒಟ್ಟು ಏಳು ತಿಂಗಳು ಎನ್ನಿ. ಅದೇ ನರ ಕಂಕುಳ ಬಳಿ ತುಂಡಾದರೆ ಬೆರಳ ತುದಿಗೆ ತಲುಪಲು ಎರಡು ವರ್ಷ. ಮೂರೇ ತಿಂಗಳಿಗೆ ನನಗೆ ಪ್ರಶ್ನೆ ಕೇಳಿದವನಿಗೆ ನಾನು ಹೇಳಬಹುದಾದ ಮೊದಲ ಮಾತು ಇದೇ ಆಗಿತ್ತು: "ಇನ್ನೂ ನೀರು ನಿನ್ನ ಹೊಲದ ತನಕ ಬಂದಿಲ್ಲ, ತಮ್ಮಾ."

ಎರಡನೆಯ ಮಹಾಯುದ್ಧದ ಕಾಲದಲ್ಲಿ ಆಕ್ಸ್‌ಫರ್ಡಿನ ಹರ್ಬರ್ಟ್ ಸೆಡನ್ 1943ರಲ್ಲಿ ನರದ ಗಾಯಗಳನ್ನು ಮೂರು ದರ್ಜೆಗಳಲ್ಲಿ ವಿಂಗಡಿಸಿದರು. ಮೊದಲನೆಯದರಲ್ಲಿ ನರ ಒತ್ತಡಕ್ಕೆ ಸಿಕ್ಕಿ ಸುಮ್ಮನಾಗಿರುತ್ತದೆ. ವಾರಗಳಲ್ಲಿ ತಾನಾಗಿ ಎಚ್ಚರಗೊಳ್ಳುತ್ತದೆ. ಎರಡನೆಯದರಲ್ಲಿ ಒಳಗಿನ ತಂತು ಕಡಿದಿರುತ್ತದೆ, ಕೊಳವೆ ಉಳಿದಿರುತ್ತದೆ. ತಾನಾಗಿ ಬೆಳೆದು ಚೆನ್ನಾಗಿ ಗುಣವಾಗುತ್ತದೆ. ಮೂರನೆಯದರಲ್ಲಿ ನರವೇ ತುಂಡಾಗಿರುತ್ತದೆ. ಹೊಲಿಯದೆ ಗತಿಯಿಲ್ಲ, ಹೊಲಿದರೂ ಮೊದಲಿನಂತಾಗುವುದು ಅಪರೂಪ. 1951ರಲ್ಲಿ ಆಸ್ಟ್ರೇಲಿಯದ ಸಿಡ್ನಿ ಸುಂಡರ್‌ಲೆಂಡ್ ಇದನ್ನು ಐದು ದರ್ಜೆಗಳಿಗೆ ವಿಸ್ತರಿಸಿದರು. ರಾತ್ರಿ ಕೈ ಮೇಲೆ ತಲೆಯಿಟ್ಟು ಮಲಗಿ ಬೆಳಿಗ್ಗೆ ಜೋಮು ಹಿಡಿದವನಿಗೂ ಕುಡುಗೋಲಿನಿಂದ ಕೊಯ್ದುಕೊಂಡವನಿಗೂ ಒಂದೇ ಉತ್ತರ ಸಲ್ಲದೆಂಬುದು ಇದರ ಸಾರ.

ಆಮೇಲೆ ಬಂದದ್ದು ಸೂಕ್ಷ್ಮದರ್ಶಕ. 1960ರ ದಶಕದಿಂದ ಶಸ್ತ್ರವೈದ್ಯರು ಸೂಕ್ಷ್ಮದರ್ಶಕದಡಿ, ತಲೆಗೂದಲಿಗಿಂತ ತೆಳುವಾದ ದಾರದಿಂದ ನರ ಹೊಲಿಯಲಾರಂಭಿಸಿದರು. ವಿಯೆನ್ನಾದ ಹಾನ್ನೊ ಮಿಲ್ಲೆಸಿ ಇನ್ನೊಂದು ಮಾತನ್ನು ಒತ್ತಿ ಹೇಳಿದರು: ನಡುವೆ ಅಂತರವಿದ್ದಾಗ ಎರಡು ತುದಿಗಳನ್ನು ಬಲವಂತವಾಗಿ ಎಳೆದು ಹೊಲಿಯಬೇಡಿ, ಬಿಗಿತದಿಂದ ಗಾಯ ಗಂಟುಗಟ್ಟುತ್ತದೆ, ಬದಲಿಗೆ ಕಾಲಿನ ಹಿಂಭಾಗದ ಒಂದು ಚರ್ಮನರವನ್ನು ತೆಗೆದು ನಡುವೆ ಕಸಿ ಮಾಡಿ. ಹಾಗೆ ಮಾಡಿದರೆ ಪಾದದ ಹೊರ ಅಂಚು ಮರಗಟ್ಟುತ್ತದೆ, ಆದರೆ ಕೈ ಎಚ್ಚರಗೊಳ್ಳುತ್ತದೆ. ಒಂದು ಹೊಲದ ಮಣ್ಣು ತಂದು ಇನ್ನೊಂದರ ಒಡ್ಡು ಕಟ್ಟುವ ಲೆಕ್ಕಾಚಾರವಿದು.

ಸ್ವೀಡನ್ನಿನ ಎರಿಕ್ ಮೊಬರ್ಗ್ ಎಂಬ ಕೈ ಶಸ್ತ್ರವೈದ್ಯರು 1958ರಲ್ಲಿ ಸರಳ ಪರೀಕ್ಷೆಯೊಂದನ್ನು ವಿವರಿಸಿದರು. ಮೇಜಿನ ಮೇಲೆ ನಾಣ್ಯ, ಮೊಳೆ, ಕೀಲಿಕೈಗಳಂಥ ಸಣ್ಣ ವಸ್ತುಗಳನ್ನು ಹರಡಿ, ಮೊದಲು ಕಣ್ಣು ತೆರೆದು, ಆಮೇಲೆ ಕಣ್ಣು ಕಟ್ಟಿಕೊಂಡು ಹೆಕ್ಕಲು ಹೇಳುವುದು. ಸೂಜಿ ಚುಚ್ಚಿದ್ದು ತಿಳಿಯುತ್ತದೆಂದು ಹೇಳುವ ಕೈಯೂ ಕಣ್ಣು ಕಟ್ಟಿದೊಡನೆ ಕುರುಡಾಗಿ ತಡಕಾಡುವುದುಂಟು. ನೋವು ತಿಳಿಯುವುದು ಬೇರೆ, ವಸ್ತುವನ್ನು ಅರಿಯುವುದು ಬೇರೆ. ಇನ್ನೊಂದು ಪರೀಕ್ಷೆಗೆ ರೋಗಿ ಬಾಯಿ ತೆರೆಯುವುದೂ ಬೇಡ: ಬಹಳ ಹೊತ್ತು ನೀರಿನಲ್ಲಿ ನೆನೆದರೆ ನಮ್ಮೆಲ್ಲರ ಬೆರಳ ತುದಿ ಸುಕ್ಕುಗಟ್ಟುತ್ತದೆ, ನರ ಕಡಿದ ಬೆರಳು ಸುಕ್ಕುಗಟ್ಟುವುದಿಲ್ಲ. ಓ'ರಿಯೆನ್ ಎಂಬ ವೈದ್ಯರು 1973ರಲ್ಲಿ ಇದನ್ನು ಬರೆದರು. ಬಟ್ಟೆ ಒಗೆಯುವ ನಮ್ಮ ತಾಯಂದಿರು ದಿನವೂ ಕಂಡ ಸುಕ್ಕು ಕೂಡ ನರದ ಕೆಲಸವೆಂದು ಎಷ್ಟು ಜನಕ್ಕೆ ಗೊತ್ತಿತ್ತು!

ಕಾಲುವೆಯ ಉದಾಹರಣೆ ಇಲ್ಲಿಗೆ ಸಾಲದು. ನೀರು ಯಾವ ಕವಲಿಗೆ ಹೋದರೂ ನೀರೇ. ಆದರೆ ಹೆಬ್ಬೆರಳಿನ ತಂತು ದಾರಿ ತಪ್ಪಿ ತೋರುಬೆರಳಿನ ಕೊಳವೆಗೆ ಹೊಕ್ಕರೆ, ತೋರುಬೆರಳನ್ನು ಮುಟ್ಟಿದಾಗ ಮಿದುಳಿಗೆ ಹೆಬ್ಬೆರಳಿನ ಸುದ್ದಿ ಹೋಗುತ್ತದೆ. ಸಾವಿರಾರು ತಂತುಗಳಲ್ಲಿ ಹಲವು ಹೀಗೆ ಅದಲುಬದಲಾಗುತ್ತವೆ. ಆದ್ದರಿಂದ ಮಿದುಳು ತನ್ನ ಕೈಯ ನಕ್ಷೆಯನ್ನು ಮತ್ತೆ ಕಲಿಯಬೇಕು. ಇಂಗ್ಲೆಂಡಿನ ವಿನ್ ಪ್ಯಾರಿ, ಅಮೆರಿಕದ ಡೆಲನ್ ಮುಂತಾದವರು ಇದಕ್ಕೆ ಅಭ್ಯಾಸಕ್ರಮ ರೂಪಿಸಿದರು: ಕಣ್ಣು ಮುಚ್ಚಿ ವಸ್ತುವನ್ನು ಮುಟ್ಟಿ ಹೇಳುವುದು, ತಪ್ಪಿದರೆ ಕಣ್ಣು ತೆರೆದು ನೋಡಿ ಮತ್ತೆ ಮುಟ್ಟುವುದು, ದಿನಕ್ಕೆ ಹಲವು ಬಾರಿ. ಮಕ್ಕಳಲ್ಲಿ ಈ ಕಲಿಕೆ ಬೇಗ, ವಯಸ್ಸಾದವರಲ್ಲಿ ನಿಧಾನ. ಒಂದನೇ ತರಗತಿಯ ಮಗು ಮರಳಿನ ಮೇಲೆ ಅಕ್ಷರ ತಿದ್ದುವುದಕ್ಕೂ ಇದಕ್ಕೂ ಹೆಚ್ಚು ಅಂತರವಿಲ್ಲ.

ಇಷ್ಟು ಬರೆದ ಮೇಲೆ ಆ ಮೊದಲನೆಯ ಹುಡುಗನ ವಿಷಯ ಹೇಳದೆ ಬಿಡುವಂತಿಲ್ಲ. ಅವನ ಹೆಸರು, ಊರು ಬೇಡ.

ಅದು 1978. ಒಂಬತ್ತನೇ ತರಗತಿ. ಮನೆಗೆಲಸ ಮಾಡಿಕೊಂಡು ಬಾರದವರು ಕೈ ಒಡ್ಡಿ ಛಡಿಯೇಟು ತಿನ್ನುವುದು ಅಂದಿನ ರೂಢಿ. ನಾನೂ ಅದಕ್ಕೆ ಹೊರತಾಗಿರಲಿಲ್ಲ. ಎಲ್ಲರೂ ಕೈ ಹಿಂದೆಳೆದುಕೊಳ್ಳುತ್ತಿದ್ದಾಗ ಅವನೊಬ್ಬ ಅಲುಗದೆ ನಿಂತ. ಹುಡುಗರು ನಕ್ಕರು. ನನಗೆ ಅದು ಉದ್ಧಟತನವೆನಿಸಿ ಮತ್ತೆರಡು ಏಟು ಬಲವಾಗಿ ಕೊಟ್ಟೆ. ಅಂಗೈಯ ಅಂಚಿನಲ್ಲಿ ಚರ್ಮ ಒಡೆದು ರಕ್ತ ಬಂತು. ಅವನು ಅದನ್ನು ಬೇರೆಯವರ ಕೈ ಎಂಬಂತೆ ನೋಡಿದ. ಆಗ ನಾನು ಗಮನಿಸಿದೆ: ಕಿರುಬೆರಳು ಮತ್ತು ಉಂಗುರಬೆರಳು ತುಸು ಮಡಚಿಕೊಂಡಿದ್ದವು, ಮುಂಗೈ ಮೇಲೊಂದು ತಿಳಿಬಿಳಿ ಮಚ್ಚೆಯಿತ್ತು. ಪಾಠ ಮಾಡುವ ಪುಸ್ತಕದಲ್ಲಿ ಆ ರೋಗದ ಹೆಸರಿತ್ತು. ನನ್ನ ಕಣ್ಣೆದುರಿನ ಕೈಯಲ್ಲಿ ಅದನ್ನು ಓದಲು ನನಗೆ ಛಡಿ ಬೇಕಾಯಿತು.

ಕುಷ್ಠರೋಗ ವಿಭಾಗದ ಕಾರ್ಯಕರ್ತರು ಅವನಿಗೆ ಡ್ಯಾಪ್ಸೋನ್ ಗುಳಿಗೆ ಕೊಡಲಾರಂಭಿಸಿದರು. ಒಂದು ಸಂಜೆ ಶಾಲೆಯ ಕಟ್ಟೆಯ ಮೇಲೆ ಕುಳಿತು ಅವನು ಕೇಳಿದ, "ಗುರುಗಳ, ನನ್ನ ಬೆರಳಿಗೆ ಮತ್ತ ಜೀವ ಬರತೈತೇನ್ರಿ?" ನಾನು "ಬರುತ್ತದೆ" ಎಂದೆ. ರೋಗ ಹೋಯಿತು, ಬೆರಳಿಗೆ ಜೀವ ಬರಲಿಲ್ಲ.

ಏಕೆ ಬರಲಿಲ್ಲವೆಂಬುದನ್ನು ತಿಳಿಯಲು ನಾನು ಬಹಳ ತಡಮಾಡಿದೆ. 1873ರಲ್ಲಿ ನಾರ್ವೆಯ ಹ್ಯಾನ್ಸೆನ್ ಗುರುತಿಸಿದ ಆ ರೋಗಾಣು ನರದೊಳಗೇ ನೆಲೆಸುತ್ತದೆ. ನರ ಊದಿಕೊಂಡು, ಉದ್ದಕ್ಕೂ ಒಳಗೆ ಗಾಯದ ಕಲೆ ಕಟ್ಟುತ್ತದೆ. ಇದು ಒಡೆದ ಕಾಲುವೆಯಲ್ಲ, ಮೈಲುಗಟ್ಟಲೆ ಹೂಳು ತುಂಬಿದ ಕಾಲುವೆ. ಔಷಧ ರೋಗಾಣುವನ್ನು ಕೊಲ್ಲುತ್ತದೆ, ಸತ್ತ ನರವನ್ನು ಎಬ್ಬಿಸುವುದಿಲ್ಲ. ನರ ಸೋತು ಆರು ತಿಂಗಳೊಳಗೆ ಚಿಕಿತ್ಸೆ ಸಿಕ್ಕರೆ ಸ್ಪರ್ಶ ಮರಳುವ ಸಂಭವವಿದೆ, ಆಮೇಲೆ ಕಡಿಮೆ.

ಸ್ಪರ್ಶವಿಲ್ಲದ ಕೈಗೆ ಏನಾಗುತ್ತದೆಂಬುದನ್ನು ಲೋಕಕ್ಕೆ ಮನಗಾಣಿಸಿದವರು ತಮಿಳುನಾಡಿನ ಕೊಲ್ಲಿ ಬೆಟ್ಟಗಳಲ್ಲಿ 1914ರಲ್ಲಿ ಹುಟ್ಟಿ, 1946ರಿಂದ ವೆಲ್ಲೂರಿನಲ್ಲಿ ಕೆಲಸ ಮಾಡಿದ ಡಾ. ಪಾಲ್ ಬ್ರಾಂಡ್. ಕುಷ್ಠರೋಗಿಯ ಬೆರಳು ತಾನಾಗಿ ಕೊಳೆತು ಉದುರುತ್ತದೆಂದು ಎಲ್ಲರೂ ನಂಬಿದ್ದರು. ಬ್ರಾಂಡ್ ದಿನದಿನವೂ ಗಮನಿಸಿ, ಬೆರಳನ್ನು ತಿನ್ನುವುದು ರೋಗವಲ್ಲ, ನೋವು ತಿಳಿಯದೆ ಆದ ಸುಟ್ಟಗಾಯ, ಕೊಯ್ದ ಗಾಯ, ಒತ್ತಡ ಎಂದು ತೋರಿಸಿದರು. ರಾತ್ರಿ ಮಲಗಿದಾಗ ಇಲಿಗಳು ಕಡಿದರೂ ಕೆಲವರಿಗೆ ಎಚ್ಚರವಾಗುತ್ತಿರಲಿಲ್ಲವಂತೆ. ಅಂಥವರಿಗೆ ಬೆಕ್ಕು ಸಾಕಲು ಕೊಟ್ಟರು. ರಜ್ಜುಗಳನ್ನು ಸ್ಥಳಾಂತರಿಸುವ ಶಸ್ತ್ರಚಿಕಿತ್ಸೆಯಿಂದ ಮಡಚಿದ ಬೆರಳುಗಳನ್ನು ಅವರು ಬಿಚ್ಚಿಸಿದರು. ಚಲನೆ ಮರಳಿತು, ಸ್ಪರ್ಶ ಮಾತ್ರ ಅವರ ಕೈಗೂ ಸಿಗಲಿಲ್ಲ. ಬ್ರಾಂಡ್ 2003ರಲ್ಲಿ ನಿಧನರಾದರು.

ನಮ್ಮ ನಾಡಿನಲ್ಲೂ ಈ ರೋಗಿಗಳಿಗೆ ಆಸರೆಯಾದವರಿದ್ದರು. ಮಂಗಳೂರಿನ ಕಂಕನಾಡಿಯಲ್ಲಿ ಫಾದರ್ ಅಗಸ್ಟಸ್ ಮುಲ್ಲರ್ 1890ರಲ್ಲೇ ಕುಷ್ಠರೋಗಿಗಳಿಗೆ ಆಸ್ಪತ್ರೆ ತೆರೆದಿದ್ದರು. ಕಾನೂನು ಮಾತ್ರ ಬೇರೆ ದಾರಿ ಹಿಡಿದಿತ್ತು. 1898ರ ಕುಷ್ಠರೋಗಿಗಳ ಕಾಯ್ದೆ ನಿರ್ಗತಿಕ ರೋಗಿಗಳನ್ನು ಹಿಡಿದು ಪ್ರತ್ಯೇಕವಾಗಿಡಲು ಅವಕಾಶ ಕೊಟ್ಟಿತ್ತು. ಅದು ಪೂರ್ತಿಯಾಗಿ ರದ್ದಾದದ್ದು 2016ರಲ್ಲಿ. ಈ ರೋಗವನ್ನು ವಿಚ್ಛೇದನಕ್ಕೆ ಕಾರಣವೆಂದು ಒಪ್ಪುತ್ತಿದ್ದ ಕಲಮುಗಳು ತೆಗೆದುಹಾಕಲ್ಪಟ್ಟದ್ದು 2019ರಲ್ಲಿ. ಸ್ಪರ್ಶ ಕಳೆದುಕೊಂಡವರನ್ನು ಯಾರೂ ಮುಟ್ಟದಂತೆ ಮಾಡಿದ ಎರಡನೆಯ ಶಿಕ್ಷೆ ಇದು.

ಹಾಗಾದರೆ ಅಂಥ ಕೈಗೆ ಶಸ್ತ್ರಚಿಕಿತ್ಸೆಯಿಂದ ಸ್ಪರ್ಶ ಮರಳಿಸಲು ಸಾಧ್ಯವೇ ಇಲ್ಲವೇ? ಇಲ್ಲವೆಂದೇ ಬಹುಕಾಲ ನಂಬಲಾಗಿತ್ತು. ದಕ್ಷಿಣ ಭಾರತದ ಪಲಾಂಡೆ ಮತ್ತು ಅವರ ಸಹೋದ್ಯೋಗಿಗಳು, ಪೆರೇರಾ ಅವರೊಡನೆ ಸೇರಿ, 1991ರಲ್ಲಿ ಹೊಸ ಯತ್ನವೊಂದನ್ನು ವರದಿ ಮಾಡಿದರು. ಹಾಳಾದ ನರದ ತುಂಡನ್ನು ತೆಗೆದು, ಅದೇ ರೋಗಿಯ ಮಾಂಸಖಂಡದ ಎಳೆಯೊಂದನ್ನು ಅತಿಶೀತದಲ್ಲಿ ಹೆಪ್ಪುಗಟ್ಟಿಸಿ ಕರಗಿಸಿ ಆ ಜಾಗದಲ್ಲಿ ಹೊಲಿಯುವುದು. ಮಾಂಸದ ಜೀವಕೋಶ ಸಾಯುತ್ತದೆ, ಅದರ ಸೂಕ್ಷ್ಮ ಕೊಳವೆಗಳು ಉಳಿಯುತ್ತವೆ. ನರತಂತು ಅವುಗಳೊಳಗೆ ದಾರಿ ಹಿಡಿಯುತ್ತದೆ. 2008ರಲ್ಲಿ ಅವರು ದೀರ್ಘಕಾಲದ ಫಲಿತಾಂಶ ಪ್ರಕಟಿಸಿದರು: 38 ರೋಗಿಗಳಲ್ಲಿ ಮಣಿಕಟ್ಟಿನ ಮತ್ತು ಕಾಲಿನ ಹರಡಿನ ನರಗಳಿಗೆ 48 ಕಸಿಗಳು, 34 ಮಂದಿಯಲ್ಲಿ ಸ್ಪರ್ಶ ಮರಳಿತ್ತು, ಸರಾಸರಿ 12.6 ವರ್ಷಗಳ ನಂತರವೂ ಉಳಿದಿತ್ತು. ಮರಳಿದ್ದು ಮೊದಲಿನ ಪೂರ್ಣ ಸ್ಪರ್ಶವಲ್ಲ. ಆದರೆ ಒರಟು ನಯಗಳ ಭೇದ ಹಲವರಿಗೆ ತಿಳಿಯುತ್ತಿತ್ತು, ಅನೇಕರ ಪಾದದ ಹುಣ್ಣು ಮಾಯಲು ಅದು ನೆರವಾಯಿತು. ಎಲ್ಲರಿಗೂ ಸಲ್ಲುವ ಚಿಕಿತ್ಸೆಯೂ ಇದಲ್ಲ. ಹಾನಿ ಒಂದು ಜಾಗಕ್ಕೆ ಸೀಮಿತವಾಗಿದ್ದವರಿಗೆ ಮಾತ್ರ. ಅದನ್ನು ಓದಿದ ದಿನ ನಾನು ಮೊದಲು ಲೆಕ್ಕ ಹಾಕಿದ್ದು, 1978ರ ಆ ಹುಡುಗನಿಗೆ 1991ರಲ್ಲಿ ಎಷ್ಟು ವಯಸ್ಸಾಗಿತ್ತೆಂಬುದನ್ನು.

2004ರಲ್ಲಿ ನನ್ನ ನಿವೃತ್ತಿಯ ಸಮಾರಂಭಕ್ಕೆ ಅವನು ಬಂದಿದ್ದ. ಕಿರಾಣಿ ಅಂಗಡಿ, ಹೆಂಡತಿ, ಮಕ್ಕಳು, ಎಲ್ಲ ಚೆನ್ನಾಗಿತ್ತು. ಎರಡು ಬೆರಳುಗಳು ಅರ್ಧಕ್ಕೆ ಮೊಟಕಾಗಿದ್ದವು. ನನ್ನ ಕೈಯನ್ನು ತನ್ನ ಎರಡೂ ಕೈಗಳಲ್ಲಿ ಹಿಡಿದುಕೊಂಡ. ಅವನ ಹಿಡಿತ ನನಗೆ ತಿಳಿಯುತ್ತಿತ್ತು. ನನ್ನ ಕೈ ಅವನಿಗೆ ಎಷ್ಟು ತಿಳಿಯುತ್ತಿತ್ತೋ! ಅಂದಾದರೂ ಕ್ಷಮೆ ಕೇಳಬೇಕಿತ್ತು. ಹಾರ ತುರಾಯಿಗಳ ಗದ್ದಲದಲ್ಲಿ ಕೇಳಲಿಲ್ಲ. ಕೆಲವು ವರ್ಷಗಳ ನಂತರ ಅವನು ತೀರಿಕೊಂಡ ಸುದ್ದಿ ಬಂತು.

ನನ್ನ ವಿದ್ಯಾರ್ಥಿಗಳಲ್ಲಿ ಅನೇಕರು ಈಗ ಶಿಕ್ಷಕರಾಗಿದ್ದೀರಿ. ನಿಮಗೊಂದು ವಿನಂತಿ. ಭಾರತದಲ್ಲಿ ಕುಷ್ಠರೋಗದ ಪ್ರಮಾಣ ಹತ್ತು ಸಾವಿರಕ್ಕೆ ಒಂದಕ್ಕಿಂತ ಕೆಳಗಿಳಿಯಿತೆಂದು 2005ರ ಡಿಸೆಂಬರಿನಲ್ಲಿ ಘೋಷಣೆಯಾಯಿತು. ಆದರೂ ವರ್ಷಕ್ಕೆ ಸುಮಾರು ಒಂದು ಲಕ್ಷ ಹೊಸ ರೋಗಿಗಳು ದೇಶದಲ್ಲಿ ಪತ್ತೆಯಾಗುತ್ತಿದ್ದಾರೆ. ಮಗುವಿನ ಮೈಮೇಲೆ ಸ್ಪರ್ಶವಿಲ್ಲದ ತಿಳಿಬಿಳಿ ಅಥವಾ ತಾಮ್ರವರ್ಣದ ಮಚ್ಚೆ ಕಂಡರೆ, ಬೆರಳು ಮಡಚಿದ್ದರೆ, ಸರಕಾರಿ ಆಸ್ಪತ್ರೆಗೆ ಕಳಿಸಿ; ಬಹುವಿಧ ಔಷಧ ಚಿಕಿತ್ಸೆ ಉಚಿತ, ಆರು ಅಥವಾ ಹನ್ನೆರಡು ತಿಂಗಳಲ್ಲಿ ಮುಗಿಯುತ್ತದೆ. 2017ರಿಂದ ಜನವರಿ 30ರಂದು, ಗಾಂಧೀಜಿಯವರ ಪುಣ್ಯತಿಥಿಯ ದಿನ, ಆರಂಭವಾಗುವ ಅರಿವಿನ ಆಂದೋಲನಕ್ಕೆ ಸರಕಾರವೇ 'ಸ್ಪರ್ಶ್' ಎಂದು ಹೆಸರಿಟ್ಟಿದೆ. ಏಟಿಗೆ ಅಲುಗದ ಮಗು ಕಂಡರೆ ಅದು ಧೈರ್ಯವೂ ಅಲ್ಲ, ಉದ್ಧಟತನವೂ ಅಲ್ಲದಿರಬಹುದು. ಛಡಿ ಈಗ ಶಾಲೆಗಳಲ್ಲಿ ಇಲ್ಲವೆಂಬುದು ಸಮಾಧಾನ. ನೋಡುವ ಕಣ್ಣು ಮಾತ್ರ ಇರಲಿ.

ಕುಡುಗೋಲಿನ ಹುಡುಗನಿಗೆ (ಐವತ್ತರ ಹತ್ತಿರ ಬಂದವನು ನನಗೆ ಇನ್ನೂ ಹುಡುಗನೇ) ಈ ಸಲ ನಾನು "ಬರುತ್ತದೆ" ಎಂದಷ್ಟೇ ಹೇಳಲಿಲ್ಲ. "ಬಹಳ ನಿಧಾನವಾಗಿ ಬರುತ್ತದೆ, ಪೂರ್ತಿ ಬರಲಿಕ್ಕಿಲ್ಲ, ಮೊದಲು ನೋವಾಗಿ ಬರುತ್ತದೆ. ಅಲ್ಲಿಯವರೆಗೆ ಚಹದ ಲೋಟವನ್ನು ಬಲಗೈಯಲ್ಲಿ ಹಿಡಿ, ಒಲೆಯ ಹಂಚಿನ ಹತ್ತಿರ ಎಡಗೈ ಒಯ್ಯಬೇಡ, ಬೆರಳನ್ನು ದಿನವೂ ಕಣ್ಣಿನಿಂದ ಪರೀಕ್ಷಿಸು. ವೈದ್ಯರು ಹೇಳಿದ ವ್ಯಾಯಾಮ ಬಿಡಬೇಡ" ಎಂದೆ. ಕಾಳುಗಳನ್ನು ಬಟ್ಟಲಲ್ಲಿ ಹಾಕಿಕೊಂಡು ಕಣ್ಣು ಮುಚ್ಚಿ ಗುರುತಿಸುವ ಅಭ್ಯಾಸವನ್ನು ಅವನಿಗೆ ಆಸ್ಪತ್ರೆಯವರೇ ಹೇಳಿಕೊಟ್ಟಿದ್ದರು. ಸಂಜೆ ಅವನ ಮಗಳು ಪರೀಕ್ಷಕಿಯಾಗಿ ಕೂಡುತ್ತಾಳಂತೆ.

ದೀಪಾವಳಿಗೆ ಮತ್ತೆ ದೂರವಾಣಿ ಬಂತು. ಬೆರಳ ತುದಿಯಲ್ಲಿ ಚುಚ್ಚಿದಂತಾಗುತ್ತದೆ, ರಾತ್ರಿ ಇರುವೆ ಹರಿದಂತಾಗಿ ನಿದ್ದೆ ಕೆಡುತ್ತದೆ ಎಂದ.

"ಶೇಂಗಾ, ಕಡಲಿ ಗೊತ್ತಾಗತಾವ್ರಿ ಸರ. ಜೋಳ, ಸಜ್ಜಿ ಮಾತ್ರ ಇನ್ನ ಒಂದ ಅನಸತಾವು. ಮಗಳು ದಿನಾ ನಪಾಸ ಮಾಡತಾಳ್ರಿ."

"ಮಾಡಲಿ ಬಿಡು, ನಾಳೆ ಮತ್ತೆ ಪರೀಕ್ಷೆಗೆ ಕೂಡು" ಎಂದೆ.